ಹಗ್ಗ ಕೈ ಬದಲಾದ ಮೇಲೆ



ಆಡಿ ಮಾಸದಲ್ಲಿ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆ ಕೂಡುತ್ತದೆ. ಈಗ ಈರೋಡು ಜಿಲ್ಲೆಯಲ್ಲಿರುವ ಆ ಊರು 1979ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಸಮೀಪದ ಬರಗೂರು ಬೆಟ್ಟದಲ್ಲಿ ದನ ಸಾಕುವ ಲಿಂಗಾಯತರ ಮನೆಮಾತು ಕನ್ನಡವೇ. ಜಾತ್ರೆಗೆ ದನಗಳಲ್ಲದೆ ಕಾಠಿಯಾವಾಡಿ, ಮಾರವಾಡಿ ಕುದುರೆಗಳೂ ಬರುತ್ತವೆ. ಕೊಯಮತ್ತೂರು, ತಿರುಪ್ಪೂರು ಸೀಮೆಯವರಿಗೆ ಕುದುರೆ ವ್ಯಾಪಾರವೆಂದರೆ ಮೊದಲು ನೆನಪಾಗುವುದು ಈ ಜಾತ್ರೆಯೇ.

ವ್ಯಾಪಾರ ಕುದುರುವುದು ಸುಲಭ, ಉಳಿಯುವುದು ಕಷ್ಟ. ಕುದುರೆ ಊರು ಸೇರಿದ ಮೂರನೆಯ ದಿನ ಕೊಂಡವನಿಂದ ಮಾತು ಬರುತ್ತದೆ: “ನಮಗೆ ಬೇಡ, ಹಣ ಹಿಂದಕ್ಕೆ ಕೊಡಿ.” ಮಾರಿದವನು “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎನ್ನುತ್ತಾನೆ. ಜಾತ್ರೆ ಕಳೆದಿರುವುದರಿಂದ ಅವನಿಗೆ ಬೇರೆ ಗಿರಾಕಿ ಸಿಗುವುದು ದುರ್ಲಭ. ಇಬ್ಬರ ಹಟದ ನಡುವೆ ಹುಲ್ಲು ನೀರಿಗೆ ಬಾಯಿಬಿಡುವುದು ಮೂಕಪ್ರಾಣಿ.

ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೆಟ್ಟಿರುವುದು ಕುದುರೆಯೋ, ಮನಸ್ಸೋ? ಮನೆಯ ಹಿರಿಯರು ನೋಡಿ “ಈ ಸುಳಿ ಮನೆಗೆ ಆಗದು” ಎಂದರೆಂದು ಮರಳಿಸಲು ಬರುವವರುಂಟು. ಸುಳಿ ಎಲ್ಲರ ಕಣ್ಣಿಗೂ ಕಾಣುವ ಗುರುತು. ಜಾತ್ರೆಯ ಬಯಲಿನಲ್ಲಿ ಅದನ್ನು ನೋಡಿಯೇ ಕೊಳ್ಳಬೇಕಾಗಿತ್ತು. ಅದು ಮನಸ್ಸಿನ ಬದಲಾವಣೆಯೇ ಹೊರತು ಮಾರಿದವನ ಮೋಸವಲ್ಲ. ಆದರೆ ಕುಂಟುವುದು, ಕಚ್ಚುವುದು, ಉಸಿರು ಕಟ್ಟುವುದು ಒಂದು ಸುತ್ತು ಓಡಿಸಿದ ಮಾತ್ರಕ್ಕೆ ತಿಳಿಯುವುದಿಲ್ಲ. ಅವನ್ನು ಬಲ್ಲವನು ಮಾರಿದವನೇ.

1872ರ ಕರಾರು ಕಾಯಿದೆಯ 17ನೆಯ ಕಲಮು ವಂಚನೆಯನ್ನು ವಿವರಿಸುವಾಗ ಕುದುರೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದೆ. ಹರಾಜಿನಲ್ಲಿ ಮಾರುವವನು ಕುದುರೆಯ ದೋಷವನ್ನು ಬಲ್ಲವನಾಗಿಯೂ ಸುಮ್ಮನಿದ್ದರೆ, ಅಷ್ಟರಿಂದಲೇ ವಂಚನೆಯಾಗದು. ಆದರೆ ಕೊಳ್ಳುವವನು “ನೀವು ಇಲ್ಲವೆನ್ನದಿದ್ದರೆ ಕುದುರೆ ನಿರ್ದೋಷಿಯೆಂದು ಭಾವಿಸುತ್ತೇನೆ” ಎಂದ ಮೇಲೂ ಅವನು ಮೌನವಾಗಿದ್ದರೆ, ಆ ಮೌನವು ಮಾತಿಗೆ ಸಮಾನ. ಆದುದರಿಂದ ಕೊಳ್ಳುವವನು ಬಾಯಿಬಿಟ್ಟು ಕೇಳಬೇಕು. ಮಾರುವವನು, ಕಾಯಿದೆ ಬಿಟ್ಟರೂ, ಕೇಳದಿದ್ದರೂ ಹೇಳುವುದು ಧರ್ಮ.

ಪರೀಕ್ಷೆಗೆಂದು ಕೊಡುವ ಪದ್ಧತಿಯೂ ಉಂಟು. 1930ರ ಸರಕು ಮಾರಾಟ ಕಾಯಿದೆಯ 24ನೆಯ ಕಲಮಿನಂತೆ, ಒಪ್ಪಿಗೆಯಾದರೆ ಇರಲಿ ಎಂದು ಒಯ್ದ ಸರಕನ್ನು ಗೊತ್ತಾದ ಅವಧಿಯೊಳಗೆ ಬೇಡವೆನ್ನಬಹುದು. ಹೇಳದೆ ಅವಧಿ ಕಳೆದರೆ ಅದು ಕೊಂಡವನದೇ ಆಗುತ್ತದೆ. ಇಂಗ್ಲೆಂಡಿನಲ್ಲಿ 1880ರಲ್ಲಿ ತೀರ್ಪಾದ ಒಂದು ವ್ಯಾಜ್ಯದಲ್ಲಿ, ಎಂಟು ದಿನದ ಪರೀಕ್ಷೆಗೆಂದು ಕೊಟ್ಟ ಕುದುರೆ ಒಯ್ದವನ ತಪ್ಪಿಲ್ಲದೆ ಮೂರನೆಯ ದಿನವೇ ಸತ್ತಿತು. ನಷ್ಟ ಮಾರಿದವನ ಪಾಲಿಗೇ ಬಂದಿತು. ಪರೀಕ್ಷೆಗೆ ಕೊಡುವವರು ಇದನ್ನು ಮರೆಯಬಾರದು.

ನಮ್ಮ ಸಂತೆಗಳಲ್ಲಿ ದಲ್ಲಾಳಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡುವ ರೂಢಿಯಿದೆ. ಬೆರಳಿಗೆ ಸಾಕ್ಷಿಯಿಲ್ಲ. ಆದುದರಿಂದ ಹಗ್ಗ ಕೈ ಬದಲಾಗುವ ಮೊದಲು ಒಂದು ಚೀಟಿಯಲ್ಲಿ ಬೆಲೆ, ಸಂಚಕಾರ, ಹಲ್ಲು ನೋಡಿ ಅಂದಾಜಿಸಿದ ವಯಸ್ಸು, ತಿಳಿದ ದೋಷಗಳು, ಮರಳಿಸಲು ಅವಕಾಶವಿದ್ದರೆ ಎಷ್ಟು ದಿನ ಮತ್ತು ಯಾರ ಖರ್ಚಿನಲ್ಲಿ ಎಂಬುದನ್ನು ಬರೆದು, ಇಬ್ಬರೂ ರುಜು ಹಾಕಬೇಕು. ಪಶುವೈದ್ಯರಿಂದ ನೋಡಿಸಿದರೆ ಇನ್ನೂ ಒಳಿತು.

ಬರಹವಿಲ್ಲದೆಯೇ ಮನಸ್ಸು ಬದಲಾಗಿ ಬಂದರೆ? ದೋಷ ಮುಚ್ಚಿಟ್ಟಿದ್ದಲ್ಲಿ ಮಾರಿದವನು ಪೂರ್ತಿ ಹಣ ಕೊಟ್ಟು ಕುದುರೆಯನ್ನು ತರಿಸಿಕೊಳ್ಳಲಿ. ಅದು ಉಪಕಾರವಲ್ಲ, ಋಣ. ದೋಷವಿಲ್ಲದಿದ್ದಲ್ಲಿ ಮರಳಿ ಪಡೆಯಲೇಬೇಕೆಂಬ ಕಟ್ಟುಪಾಡಿಲ್ಲ. ಆದರೂ ಬೇಡದ ಮನೆಯಲ್ಲಿ ಕುದುರೆ ಸೊರಗುವುದೆಂದು ತೋರಿದರೆ, ಸಾಗಣೆ ಮತ್ತು ಮೇವಿನ ವೆಚ್ಚ ಕಳೆದು ಮರಳಿ ಪಡೆಯುವುದು ಲೇಸು. ಹಣ ಪೂರ್ತಿ ಬಾರದೆ ಕುದುರೆಯಿನ್ನೂ ಮಾರಿದವನ ಲಾಯದಲ್ಲೇ ಇದ್ದರೆ, ಕೊಂಡವನಿಗೆ ತಿಳಿವಳಿಕೆ ಪತ್ರ ಕೊಟ್ಟು, ಯುಕ್ತ ಕಾಲ ಕಾದು, ಅನಂತರವೇ ಬೇರೆಯವರಿಗೆ ಮಾರಬೇಕು. ತಿಳಿಸದೆ ಮಾರಿದವನು ನಷ್ಟವನ್ನು ಕೇಳಲಾರನು.

ಯಾವ ದಾರಿ ಹಿಡಿದರೂ, ತೀರ್ಮಾನವಾಗುವವರೆಗೆ ಕುದುರೆ ಯಾರ ಲಾಯದಲ್ಲಿದೆಯೋ ಅವರು ಅದಕ್ಕೆ ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡಲಿ. ಲೆಕ್ಕವನ್ನು ಆಮೇಲೆ ನೋಡಿಕೊಳ್ಳಬಹುದು.