ಎಣ್ಣೆ ಹೊಡೆಯೋ ಮುಂಚೆ ಹೂವು ನೋಡ್ರಿ

2021ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ಮೆಣಸಿನಕಾಯಿ ಹೊಲಗಳಿಗೆ ಕಪ್ಪು ನುಸಿ ಬಿತ್ತು. ಕುರುಗೋಡು, ಸಿರುಗುಪ್ಪ ಕಡೆಯವರಿಗೆ ಇದು ಗೊತ್ತೇ ಇದೆ. ಈ ನುಸಿ ಹೂವಿನೊಳಗೆ ಕುಳಿತು ರಸ ಹೀರುತ್ತದೆ. ಹೂವೇ ಉದುರಿದರೆ ಕಾಯಿ ಎಲ್ಲಿಂದ ಬರಬೇಕು? ಹೆದರಿಕೊಂಡು ಒಂದೇ ಎಣ್ಣೆಯನ್ನು ಮೇಲಿಂದ ಮೇಲೆ ಹೊಡೆದರೆ ನುಸಿ ಅದಕ್ಕೆ ಒಗ್ಗಿಕೊಳ್ಳುತ್ತದೆ, ನುಸಿಯನ್ನು ತಿನ್ನುವ ಒಳ್ಳೆ ಹುಳಗಳು ಸಾಯುತ್ತವೆ. ಬೆಳೆಯೋದು ಸಾಲ ಮಾತ್ರ.

ನನ್ನ ಅಭಿಪ್ರಾಯ ಇಷ್ಟೇ. ಮೊದಲು ಹೂವನ್ನು ಬಿಳಿ ಹಾಳೆ ಮೇಲೆ ಕೊಡವಿ ನೋಡಬೇಕು. ನೀಲಿ ಅಂಟುಹಾಳೆ ಕಟ್ಟಬೇಕು. ಯೂರಿಯಾ ಕಡಿಮೆ ಮಾಡಿ, ಬೇವಿನ ಬೀಜದ ಕಷಾಯ ಹೊಡೀಬೇಕು. ಅದಕ್ಕೂ ಬಗ್ಗದಿದ್ದರೆ ಎಣ್ಣೆ. ಡಬ್ಬಿ ಮೇಲೆ ಕೆಂಪು ತ್ರಿಕೋನ ಇದ್ದರೆ ಅದು ಕಡು ವಿಷ. ಅಪ್ಪನಿಗೆ ಓದೋಕೆ ಬರದಿದ್ದರೇನು, ನಮಗೆ ಬರುತ್ತದಲ್ಲ? ನಾವೇ ಓದಿ ಹೇಳೋಣ.