ಹೊಳೆಯುವ ಡಯಲ್ಲಿಗೆ ಮರುಳಾಗಬೇಡಿ

ಕಾಫಿಗೆ ಒಳ್ಳೆಯ ರೇಟು ಬಂದ ವರ್ಷ ನಮ್ಮ ಮೂಡಿಗೆರೆ ಕಡೆ ಮೊದಲು ಜೀಪು ಬದಲಾಗುತ್ತದೆ, ಆಮೇಲೆ ಮನೆಯ ಮಾಡು. ಈಚೆಗೆ ಈ ಪಟ್ಟಿಗೆ ಹಳೇ ವಾಚೂ ಸೇರಿಕೊಂಡಿದೆ. ಬೆಂಗಳೂರಿನ ಕೆಲಸ ಬಿಟ್ಟೋ ಬಿಡದೆಯೋ ತೋಟಕ್ಕೆ ಬಂದಿರುವ ಹುಡುಗರು ಮೊಬೈಲ್ ಹಿಡಿದುಕೊಂಡು ಬರುತ್ತಾರೆ. "ಅಣ್ಣ, ಎಪ್ಪತ್ತರ ದಶಕದ ಸೀಕೋ ಫೈವ್ ಸ್ಪೋರ್ಟ್ಸ್ ಅಂತೆ. ಹೊಸದರ ಹಾಗೇ ಇದೆ. ತಗೊಳ್ಳಲಾ?" ಫೋಟೋದಲ್ಲಿ ಕಿತ್ತಳೆ ಬಣ್ಣದ ಡಯಲ್ಲು ಫಳಫಳ ಅನ್ನುತ್ತಿರುತ್ತದೆ. ಬೇಡ ಮಾರಾಯ, ಅನ್ನುತ್ತೇನೆ.

ಐವತ್ತು ವರ್ಷ ಯಾರದೋ ಬೆವರು, ಮಳೆ, ಬಿಸಿಲು ಕಂಡ ವಾಚು ಹೊಸದರ ಹಾಗಿರುವುದಾದರೂ ಹೇಗೆ? ಮುಂಬೈಯಲ್ಲಿ ಜಪಾನಿನ ಹಳೇ ಸೀಕೋಗಳನ್ನು ಬಿಚ್ಚಿ, ಡಯಲ್ಲಿಗೆ ಮರುಬಣ್ಣ ಬಳಿದು, ಸಿಕ್ಕ ಮುಳ್ಳು ಕೂರಿಸಿ, ಕೇಸಿಗೆ ಪಾಲಿಶ್ ಹೊಡೆದು ಮಾರುವ ಕಸುಬು ದೊಡ್ಡದಾಗಿಯೇ ನಡೆಯುತ್ತದೆ. ಸಂಗ್ರಹಕಾರರ ನಡುವೆ ಅವಕ್ಕೆ 'ಮುಂಬೈ ಸ್ಪೆಷಲ್' ಎಂದೇ ಹೆಸರು. ಬಣ್ಣ ಬಳಿಯುವವನ ಮೇಲೆ ನನಗೆ ಸಿಟ್ಟಿಲ್ಲ, ಅವನದೂ ಹೊಟ್ಟೆಪಾಡು. ಅದನ್ನು ಅಸಲಿ ಎಂದು ಮಾರುವವನ ಮೇಲಿದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಡಯಲ್ಲಿನ ಕೆಳ ಅಂಚಿನಲ್ಲಿ, ಆರರ ಗುರುತಿನ ಅಕ್ಕಪಕ್ಕ, ಇರುವೆ ಸಾಲಿನಂಥ ಸಣ್ಣ ಬರಹ ಇರುತ್ತದೆ. ಭೂತಗನ್ನಡಿ ಹಿಡಿದು ನೋಡಿ. ಅದರಲ್ಲಿ 6119 ಎಂದಿದ್ದರೆ ಹಿಂಬದಿಯ ಮುಚ್ಚಳದ ಮೇಲೂ ಸಾಮಾನ್ಯವಾಗಿ 6119 ಎಂದೇ ಇರಬೇಕು. ಅದು ಒಳಗಿನ ಮಿಷನ್ನಿನ ನಂಬರು. ಮರುಬಣ್ಣ ಕಂಡ ಡಯಲ್ಲಿನಲ್ಲಿ ಈ ಸಾಲು ಮಾಯವಾಗಿರುತ್ತದೆ ಇಲ್ಲವೇ ದಪ್ಪಗೆ ಕಲೆಸಿಕೊಂಡಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರವಾಗಿ ಕೂಡಿರುವುದಿಲ್ಲ. ಡಯಲ್ಲಿನ ಮೇಲೆ ಕತ್ತಲಲ್ಲಿ ಹೊಳೆಯುವ ಬಣ್ಣ ಹಳದಿಗಟ್ಟಿ ಮುಳ್ಳಿನದು ಮಾತ್ರ ಹಾಲುಬಿಳುಪಾಗಿದ್ದರೆ ಮುಳ್ಳು ಬೇರೆ ಕಡೆಯದು. ಮುಚ್ಚಳದ ಮೇಲಿನ ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ನವೆಂಬರಿಗೆ 'ಎನ್', ಡಿಸೆಂಬರಿಗೆ 'ಡಿ'. 6119ರ ಮೇಲೆ '1ಎನ್' ಎಂದು ಶುರುವಾದರೆ ಅದು 1971ರ ನವೆಂಬರಿನದು. ದಶಕ ಯಾವುದೆಂದು ಸೀರಿಯಲ್ಲು ಹೇಳುವುದಿಲ್ಲ, ಮಿಷನ್ ನಂಬರಿನಿಂದ ತಿಳಿಯಬೇಕು. ಇಷ್ಟನ್ನು ನೋಡಲು ಮಾರುವವನು ಮುಚ್ಚಳದ ಫೋಟೋ ಕಳಿಸಬೇಕು. ಕಳಿಸದಿದ್ದರೆ ಮಾತು ಅಲ್ಲಿಗೇ ಮುಗಿಸಿ.

ನನ್ನ ಕೇಳಿದರೆ, ಕಲೆಬಿದ್ದ ಮಾಸಲು ಡಯಲ್ಲಿನ, ಗೀರುಬಿದ್ದ ಗ್ಲಾಸಿನ ವಾಚೇ ಮೊದಲ ವಾಚಾಗಬೇಕು. ಮತ್ತೆ ಅದನ್ನು ಹುಡುಕಲು ಮೊಬೈಲಿಗಿಂತ ಮೊದಲು ನಿಮ್ಮ ಮನೆಯ ಬೀರುವಿನ ಸೇಫು ನೋಡಿ.

ಅಲ್ಲಿ ಎಚ್‌ಎಂಟಿ ಇದ್ದರೆ ನೀವು ಆಗಲೇ ಅರ್ಧ ಜಪಾನಿನಲ್ಲಿದ್ದೀರಿ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಜನತಾ, ಪೈಲಟ್‌ಗಳ ಒಳಗೆ ಓಡುವುದು ಸಿಟಿಜನ್ ವಿನ್ಯಾಸದ ಹದಿನೇಳು ಜ್ಯುವೆಲ್ಲಿನ ಮಿಷನ್ನು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚು ಕಂಪನಿ ಮುಚ್ಚಲು ತೀರ್ಮಾನಿಸಿದ ಮೇಲೆ ಎಲ್ಲರಿಗೂ ಒಮ್ಮೆಲೇ ಪ್ರೀತಿ ಉಕ್ಕಿತು, ಅದು ಬೇರೆ ವಿಷಯ. ಪೈಲಟ್ಟನ್ನು ಸ್ಪೋರ್ಟ್ಸ್ ವಾಚು ಅನ್ನಬಹುದೇ ಎಂದು ಪಂಡಿತರು ಜಗಳವಾಡಲಿ. ಕಪ್ಪು ಡಯಲ್ಲು, ದೊಡ್ಡ ಅಂಕಿ, ಕತ್ತಲಲ್ಲಿ ಕಾಣುವ ಮುಳ್ಳು. ಮುಂಜಾನೆ ಮಂಜಿನಲ್ಲಿ ತೋಟ ಸುತ್ತುವವನಿಗೆ ಸಾಕು.

ಇನ್ನು ಸೀಕೋ. ವಿದೇಶಿ ವಾಚಿನ ಆಮದು ಬಿಗಿಯಾಗಿದ್ದ ಕಾಲದಲ್ಲಿ ನಮ್ಮ ಕಡೆಗೆ ಅದು ಬಂದದ್ದು ಬಹುಮಟ್ಟಿಗೆ ಗಲ್ಫಿನಿಂದ, ಮಂಗಳೂರಿನ ಮೂಲಕ ಚಾರ್ಮಾಡಿ ಘಾಟಿ ಹತ್ತಿ. ದುಬೈಗೆ ಹೋದ ಮಗನೋ ಭಾವನೋ ಊರಿಗೆ ಬರುವಾಗ ಸೆಂಟು, ಟೇಪ್‌ರೆಕಾರ್ಡರ್ ಜೊತೆ ಒಂದು ಸೀಕೋ ಫೈವ್. ಆ ವಾಚುಗಳ ವಾರ ತಿರುಗಿಸಿದರೆ ಇಂಗ್ಲಿಷಿನ ಬೆನ್ನಿಗೆ ಅರಬ್ಬಿ ಅಕ್ಷರ ಬರುವುದುಂಟು. ನಮ್ಮ ಮನೆಯದರಲ್ಲೂ ಹಾಗೇ. ಕೆಲವರು ಇದನ್ನು ಕುಂದೆಂದು ಚಕ್ರ ಬದಲಾಯಿಸಿಕೊಳ್ಳುತ್ತಾರೆ. ನಾನಾದರೆ ಅದನ್ನು ಮುಟ್ಟಲೂ ಬಿಡುವುದಿಲ್ಲ. ವಾಚು ಯಾವ ದಾರಿಯಲ್ಲಿ ಬಂತೆಂಬುದಕ್ಕೆ ಅದೇ ಕಾಗದಪತ್ರ.

ಸೀಕೋ ಫೈವ್ 1963ರಲ್ಲಿ ಹುಟ್ಟಿದ್ದೇ ದಿನಬಳಕೆಯ ಒರಟು ವಾಚಾಗಿ: ಆಟೊಮ್ಯಾಟಿಕ್, ಒಂದೇ ಕಿಟಕಿಯಲ್ಲಿ ವಾರ ತಾರೀಕು, ನೀರು ತಡೆಯುವ ಕೇಸು, ನಾಲ್ಕು ಗಂಟೆಯ ಕಡೆ ಒಳಸರಿದ ಕೀ. ಫೈವ್ ಸ್ಪೋರ್ಟ್ಸ್ 1968ರದು. ಇವುಗಳಲ್ಲಿ ಬಹಳಷ್ಟಕ್ಕೆ ಕೀ ಕೊಡಲು ಬರುವುದೇ ಇಲ್ಲ, ಕೈ ಆಡಿದರೆ ಮಾತ್ರ ಓಡುತ್ತವೆ. ಇದು ಗೊತ್ತಿಲ್ಲದೆ 'ಕೀ ಕೊಟ್ರೂ ಓಡಲ್ಲ, ಹಾಳಾಗಿದೆ' ಎಂದು ಮೂಲೆಗೆ ಬಿದ್ದ ಸೀಕೋಗಳು ಕಳಸದಿಂದ ಬಣಕಲ್‌ವರೆಗೆ ಎಷ್ಟಿವೆಯೋ. ಕೈಗೆ ಕಟ್ಟಿಕೊಂಡು ಒಂದು ಸುತ್ತು ತೋಟಕ್ಕೆ ಹೋಗಿ ಬನ್ನಿ, ಆಮೇಲೆ ಹೇಳಿ.

ಹುಡುಗರ ಕಣ್ಣು ಮಾತ್ರ 6139ರ ಮೇಲೆ. 1969ರಲ್ಲಿ ಬಂದ ಸ್ಟಾಪ್‌ವಾಚಿನ ಸೀಕೋ ಅದು, ಜಗತ್ತಿನ ಮೊದಮೊದಲ ಆಟೊಮ್ಯಾಟಿಕ್ ಕ್ರೋನೋಗ್ರಾಫ್‌ಗಳಲ್ಲಿ ಒಂದು. ಹಳದಿ ಡಯಲ್ಲಿನ ಒಂದನ್ನು ವಿಲಿಯಂ ಪೋಗ್ ಎಂಬ ಗಗನಯಾತ್ರಿ 1973ರಲ್ಲಿ ನಾಸಾದ ಅಧಿಕೃತ ಅನುಮತಿ ಇಲ್ಲದೆಯೇ ಸ್ಕೈಲ್ಯಾಬಿಗೆ ಕಟ್ಟಿಕೊಂಡು ಹೋಗಿ 84 ದಿನ ಇದ್ದ. ಕಥೆ ಚೆನ್ನಾಗಿದೆ, ಕಥೆಗೇ ಅರ್ಧ ಬೆಲೆ ಕೊಡುತ್ತಿದ್ದೇವೆ ಎಂಬುದೂ ನೆನಪಿರಲಿ. ಸ್ಟಾಪ್‌ವಾಚ್ ಕೆಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಅದನ್ನು ಬಿಚ್ಚಿ ಮತ್ತೆ ಜೋಡಿಸುವವರು ಸಿಗುವುದು ಕಷ್ಟ. ಮೊದಲ ವಾಚಿಗೆ ಅದು ಬೇಡ.

ನಮ್ಮ ಮಳೆಯ ವಿಚಾರ ಹೊರಗಿನವರ ಪುಸ್ತಕದಲ್ಲಿ ಇರುವುದಿಲ್ಲ. ಕೊಟ್ಟಿಗೆಹಾರದಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು, ಡಯಲ್ಲಿಗೆ ಬಿಡುತ್ತದೆಯೇ? ಮುಚ್ಚಳದ ಮೇಲೆ ವಾಟರ್‌ಪ್ರೂಫ್ ಎಂದು ಕೆತ್ತಿದ್ದರೂ ಒಳಗಿನ ರಬ್ಬರ್ ರಿಂಗು ಇಷ್ಟು ವರ್ಷಕ್ಕೆ ಗಟ್ಟಿಯಾಗಿಯೋ ಅಂಟಾಗಿಯೋ ಸತ್ತುಹೋಗಿರುತ್ತದೆ. ಮಳೆಗಾಲದಲ್ಲಿ ವಾಚನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಅಕ್ಕಿ ಡಬ್ಬಿಗೆ ಹಾಕಬೇಡಿ, ತೌಡು ಒಳಗೆ ಸೇರುತ್ತದೆ. ಹಣ್ಣು ಕೊಯ್ಲು ಶುರುವಾದ ಮೇಲೆ ಹೊರಗೆ ತೆಗೆದು ಕಟ್ಟಿಕೊಳ್ಳಿ, ಗೀರು ಬೀಳಲಿ. ಬೆಲೆ ಏರುತ್ತದೆಂದು ಪ್ಲಾಸ್ಟಿಕ್ ಬಿಚ್ಚದೆ ಇಡುವವರ ಮೇಲೆ ನನಗೆ ಗೌರವವಿಲ್ಲ. ದುಡ್ಡು ಬೆಳೆಸುವ ಆಸೆಯಿದ್ದರೆ ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ.

ಕೊನೆಗೆ ರಿಪೇರಿಯವರು. ಬಸ್‌ಸ್ಟ್ಯಾಂಡ್ ಪಕ್ಕದ ಗಾಜಿನ ಪೆಟ್ಟಿಗೆಯ ಹಿಂದೆ ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಕೂರುತ್ತಿದ್ದವರು ಈಗ ಸೆಲ್ಲು, ಬೆಲ್ಟು ಹಾಕಿ ದಿನ ದೂಡುತ್ತಿದ್ದಾರೆ. ಮಿಷನ್ ಪೂರ್ತಿ ಬಿಚ್ಚಿ, ತೊಳೆದು, ಆಯಿಲ್ ಹಾಕುವುದು ಅರ್ಧ ದಿನದ ಕೆಲಸ. ಆನ್‌ಲೈನಿನಲ್ಲಿ ಬಣ್ಣದ ಡಯಲ್ಲಿಗೆ ಸಾವಿರಗಟ್ಟಲೆ ಸುರಿಯುವವನು ಇಲ್ಲಿ ಬಂದು ಇನ್ನೂರಕ್ಕೆ ಮುನ್ನೂರಕ್ಕೆ ಚೌಕಾಶಿ ಮಾಡುತ್ತಾನೆ. ವಾಚಿಗೆ ಎಷ್ಟು ಕೊಟ್ಟಿರೋ ಸರ್ವೀಸಿಗೂ ಹತ್ತಿರಹತ್ತಿರ ಅಷ್ಟೇ ತೆಗೆದಿಟ್ಟುಕೊಂಡು ಅಂಗಡಿ ಮೆಟ್ಟಿಲು ಹತ್ತಿ. ಡಯಲ್ ಮುಟ್ಟುವುದು ಬೇಡ, ಕೇಸಿಗೆ ಪಾಲಿಶ್ ಬೇಡ, ತೆಗೆದ ಹಳೇ ಬಿಡಿಭಾಗ ವಾಪಸ್ ಬೇಕು ಎಂದು ಮೊದಲೇ ಹೇಳಿಬಿಡಿ. "ಪಾಲಿಶ್ ಫ್ರೀ ಸಾರ್" ಎಂದು ಅವರು ಒತ್ತಾಯ ಮಾಡೇ ಮಾಡುತ್ತಾರೆ. ಒಪ್ಪಬೇಡಿ.