ಮಿರ್ಚಿ ಕಟ್ಟಿದ ಪೇಪರಿನ ಕಾವ್ಯ ಸಾಕು

ನಮ್ಮ ಲೇಖಕರ ಬಾಲ್ಯದ ನೆನಪುಗಳಲ್ಲಿ ಒಂದು ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ಅಪ್ಪ ಸಂತೆಯಿಂದ ಮಿರ್ಚಿ ತಂದ, ಎಣ್ಣೆ ಹೀರಿದ ಪೇಪರಿನ ತುಂಡಿನಲ್ಲಿ ಅರ್ಧ ಕತೆ ಸಿಕ್ಕಿತು, ಉಳಿದರ್ಧ ಹುಡುಕುತ್ತ ನಾನು ಬರಹಗಾರನಾದೆ. ನಾನೂ ಹೀಗೊಮ್ಮೆ ಬರೆದು ಚಪ್ಪಾಳೆ ಗಿಟ್ಟಿಸಿದವನೇ. ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಆ ಪೇಪರು ನನಗೆ ಅಕ್ಷರ ಕೊಟ್ಟಿರಬಹುದು, ಮಿರ್ಚಿಗೆ ಕೊಟ್ಟದ್ದು ಮಸಿ.

ಆಳಂದ, ಅಫಜಲಪುರ, ಜೇವರ್ಗಿ ಕಡೆ ಸುಸಲಾ-ಮಿರ್ಚಿಯನ್ನು ಪೇಪರಿನಲ್ಲಿ ಕೊಡುವ ಅಂಗಡಿಯವರನ್ನು ಬೈಯುವುದು ಸುಲಭ. ನನ್ನ ಜಗಳ ಮನೆಯ ಒಳಗಿನದು. ಪಂಚಮಿ ಬಂತೆಂದರೆ ಚಕ್ಕಲಿ ಒತ್ತುವುದು ಪೇಪರಿನ ಮೇಲೆ, ಕರಿದ ಕರ್ಚಿಕಾಯಿ ಸುರಿಯುವುದು ಪೇಪರಿನ ಮೇಲೆ, ಶೇಂಗಾ ಹೋಳಿಗೆ ಆರಲು ಹರಡುವುದೂ ಪೇಪರಿನ ಮೇಲೆ. ಕಾಗದದಿಂದ ಮಸಿಯನ್ನು ಬಿಡಿಸಲು ಬಿಸಿ ಮತ್ತು ಎಣ್ಣೆ ಎರಡೇ ಸಾಕು. ಆ ಮಸಿಯಲ್ಲಿರುವ ಬಣ್ಣ, ಖನಿಜ ತೈಲ, ದ್ರಾವಕಗಳಲ್ಲಿ ತಿನ್ನಲೆಂದು ಮಾಡಿದ್ದು ಒಂದೂ ಇಲ್ಲ. ಪೇಪರಿನಲ್ಲಿ ಆಹಾರ ಕಟ್ಟಬೇಡಿ ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರ ಡಿಸೆಂಬರಿನಲ್ಲೇ ಎಚ್ಚರಿಸಿತ್ತು. 2023ರ ಸೆಪ್ಟೆಂಬರಿನಲ್ಲಿ ಅದನ್ನೇ ಮತ್ತೊಮ್ಮೆ ಹೇಳಬೇಕಾಯಿತು. ಏಳು ವರ್ಷದಲ್ಲಿ ನಾವು ಅಷ್ಟು ಕಿವಿಗೊಟ್ಟಿದ್ದೆವು!

ಇದನ್ನೆಲ್ಲ ಅವ್ವನ ಮುಂದೆ ಹೇಳಿದರೆ, “ಇಷ್ಟ ವರ್ಷ ತಿಂದೀವಲ್ಲ ತಮ್ಮಾ, ಏನಾಗ್ಯಾದ?” ಅಂದಳು. ಈ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಯಾರ ಹೊಟ್ಟೆನೋವು ಯಾವ ದಿನದ ಸಂಚಿಕೆಯಿಂದ ಬಂತೆಂದು ತೋರಿಸುವುದು ಹೇಗೆ? ಆದರೆ ಆ ಮಾತಿನ ಹಿಂದೆ ಇದು ಹಿರಿಯರ ಪದ್ಧತಿ ಎಂಬ ನಂಬಿಕೆ ಇದೆಯಲ್ಲ, ಅದಕ್ಕೆ ಉತ್ತರ ಇದೆ. ಅವ್ವನ ತವರಿಗೆ ಪೇಪರೇ ಬರುತ್ತಿರಲಿಲ್ಲ. ರೊಟ್ಟಿ ಬಿದಿರ ಬುಟ್ಟಿಯಲ್ಲಿ, ಅರಿವೆಯೊಳಗೆ ಇರುತ್ತಿತ್ತು. ಊಟಕ್ಕೆ ಮುತ್ತಲ ಎಲೆ. ಎಳ್ಳಮವಾಸ್ಯೆಗೆ ಹೊಲಕ್ಕೆ ಹೊತ್ತ ಸಜ್ಜಿ ರೊಟ್ಟಿಯೂ ಅರಿವೆಯ ಗಂಟಿನಲ್ಲೇ ಹೋಗುತ್ತಿತ್ತು. ಪೇಪರು ಆಮೇಲೆ ರದ್ದಿಯ ರೂಪದಲ್ಲಿ ಬಂದು ಅಡುಗೆಮನೆಯಲ್ಲಿ ಉಳಿದುಬಿಟ್ಟ ನೆಂಟ.

ಇನ್ನು ಪಾರ್ಚ್‌ಮೆಂಟ್ ಪೇಪರ್. ಅದು ಪ್ಯಾಟಿ ಮಂದಿ ಕೇಕು ಸುಡುವ ಕಾಗದ ಎಂದು ನಗುವವರಿದ್ದಾರೆ. ನಗಲಿ. ಅಂಗಡಿಯಲ್ಲಿ ‘ಬಟರ್ ಪೇಪರ್’ ಅಂದರೆ ಯಾವುದೋ ಒಂದನ್ನು ಕೊಡುತ್ತಾರೆ, ತೊಂದರೆ ಇರುವುದು ಅಲ್ಲಿ. ನಾನು ಮೊದಲು ತಂದದ್ದು ಮೇಣದ ಕಾಗದ. ಬಿಸಿ ಹೋಳಿಗೆ ಇಟ್ಟೆ, ಮೇಣ ಹೋಳಿಗೆಗೆ ಹತ್ತಿತು. ಮೇಣ 60 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಬೇಯಿಸಲು ಬಳಸುವ ಪಾರ್ಚ್‌ಮೆಂಟಿಗೆ ಇರುವುದು ಸಿಲಿಕೋನ್ ಲೇಪ. ಅದರ ಡಬ್ಬಿಯ ಮೇಲೆ ಎಷ್ಟು ಶಾಖ ತಡೆಯುತ್ತದೆಂದು ಬರೆದಿರುತ್ತದೆ, ಸಾಮಾನ್ಯವಾಗಿ 220 ಡಿಗ್ರಿಯ ಸುತ್ತ. ಅನುಮಾನ ಬಂದರೆ ಉಗುರಿನಿಂದ ಕೆರೆಯಿರಿ. ಮೇಣವಾದರೆ ಉಗುರಿಗೆ ಹತ್ತುತ್ತದೆ.

ಹಾಗಂತ ಎಲ್ಲದಕ್ಕೂ ಇದನ್ನೇ ಹಾಸಿ ಎಂದು ನಾನು ಹೇಳುತ್ತಿಲ್ಲ. ಕರ್ಚಿಕಾಯಿಯ ಎಣ್ಣೆ ಇಳಿಸಲು ಇದು ಕೆಲಸಕ್ಕೆ ಬಾರದು, ಏಕೆಂದರೆ ಎಣ್ಣೆ ಹೀರುವುದೇ ಇಲ್ಲ. ಅದಕ್ಕೆ ಸ್ಟೀಲಿನ ಜರಡಿ, ಕೆಳಗೊಂದು ತಾಟು ಸಾಕು. ಬಿಸಿ ರೊಟ್ಟಿ ಇದರ ಮೇಲೆ ಬೆವರಿ ಮೆತ್ತಗಾಗುತ್ತದೆ, ಅದಕ್ಕೆ ಅರಿವೆಯನ್ನು ಮೀರಿಸಿದ್ದು ಇಲ್ಲ. ಒಲೆಯ ಉರಿಯ ಹತ್ತಿರ ತಂದರೆ ಇದೂ ಸುಡುವ ಕಾಗದವೇ. ಚಕ್ಕಲಿಗೆ ಮಾತ್ರ ಹೇಳಿ ಮಾಡಿಸಿದಂತಿದೆ. ಅಂಗೈಯಗಲ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಒತ್ತಿ, ಎಣ್ಣೆಗೆ ಜಾರಿಸಿದರೆ ಆಕಾರ ಕೆಡುವುದಿಲ್ಲ. ಹೋಳಿಗೆಗಳ ನಡುವೆಯೂ ಇಡಬಹುದು. ಒರೆಸಿಟ್ಟರೆ ಅದೇ ತುಂಡು ಮತ್ತೆ ಬರುತ್ತದೆ, ಬಣ್ಣ ಕಂದಾಗಿ ಮುರಿಯತೊಡಗಿದಾಗ ಬಿಸಾಕಿ.

ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಸಂಘಗಳು ಬಡಿದ ಜೋಳದ ರೊಟ್ಟಿ ಈಗ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಪ್ಯಾಕಾಗಿ ಊರಾಚೆ ಮಾರಾಟವಾಗುತ್ತಿದೆ. ಕಾಣದ ಗಿರಾಕಿಗೆ ಶುಚಿಯಾದ ಪ್ಯಾಕೆಟ್, ಸ್ವಂತ ಮಕ್ಕಳ ಶಾಲೆಯ ಬುತ್ತಿಗೆ ನಿನ್ನೆಯ ಪೇಪರು. ಈ ಲೆಕ್ಕ ನನಗೆ ತಿಳಿಯುವುದಿಲ್ಲ.

ಹೋದ ಪಂಚಮಿಗೆ ಅವ್ವ ಅಪ್ಪನ ಹಳೆಯ ಧೋತರ ಒಗೆದು ರೊಟ್ಟಿಗೆ ಹಾಸಿದಳು. ಚಕ್ಕಲಿಗೆ ನನ್ನ ಕಾಗದವನ್ನೂ ತಗೊಂಡಳು. ಶೇಂಗಾ ಹೋಳಿಗೆ ಮಾತ್ರ ಇನ್ನೂ ಪೇಪರಿನ ಮೇಲೇ ಆರುತ್ತಿದೆ.